ಪಟದ ಕೆಳಗಿನ ಹೆಸರು

ನಾನು ಪಾಠ ಮಾಡುತ್ತಿದ್ದ ಶಾಲೆಯ ಸ್ಮರಣ ಸಂಚಿಕೆಯಲ್ಲಿ 'ಸಂಪಾದಕ' ಎಂದು ನನ್ನ ಹೆಸರು ಉಂಟು. ನಿಜ ಹೇಳಬೇಕೆಂದರೆ, ಆ ಕೆಲಸದ ಮುಕ್ಕಾಲು ಪಾಲು ದಿನಗೂಲಿಯ ಮೇಲೆ ಬರುತ್ತಿದ್ದ ಒಬ್ಬ ಟೀಚರು ಮಾಡಿದ್ದು. ಮನೆಮನೆ ಹತ್ತಿಳಿದು ಹಳೆಯ ಫೋಟೊ ತಂದವರು ಅವರು. ಕೈ ನಡುಗಿ ಬರೆಯಲಾಗದ ಹಿರಿಯರ ಎದುರು ಕೂತು ನೆನಪುಗಳನ್ನು ಬರೆದುಕೊಂಡವರೂ ಅವರೇ. ನಾನು ಕರಡು ತಿದ್ದಿದೆ, ಜಾಹೀರಾತು ಹಿಡಿದೆ, ಪ್ರೆಸ್ಸಿಗೆ ಓಡಾಡಿದೆ. ಪುಸ್ತಕ ಬಂದ ದಿನ ಅವರು ಪುಟ ತಿರುಗಿಸಿ ನೋಡಿ, "ಲಾಯ್ಕಾಗಿದೆ ಮಾಷ್ಟ್ರೆ" ಎಂದರು. ಅಷ್ಟೇ. ಆ ಮಾತು ಇನ್ನೂ ನನ್ನನ್ನು ಬಿಟ್ಟಿಲ್ಲ.

ಈಚೆಗೆ ಅಮೆರಿಕದ ಹಳೆಯ ಫೋಟೊಗ್ರಾಫರ್ ಮ್ಯಾಥ್ಯೂ ಬ್ರೇಡಿಯ ಬಗ್ಗೆ ಓದುವಾಗ ಅದೇ ನೆನಪಾಯಿತು. ಬ್ರೇಡಿ 1844ರಲ್ಲಿ ನ್ಯೂಯಾರ್ಕಿನ ಬ್ರಾಡ್‌ವೇಯಲ್ಲಿ ಸ್ಟುಡಿಯೊ ತೆರೆದ. ದೊಡ್ಡ ದೊಡ್ಡವರೆಲ್ಲ ಅವನಲ್ಲಿಗೆ ಬಂದು ಕೂತು ಪಟ ತೆಗೆಸಿಕೊಂಡರು. 1860ರಲ್ಲಿ ಅಧ್ಯಕ್ಷ ಚುನಾವಣೆಗೆ ಮೊದಲು ಲಿಂಕನ್ ಕೂಡ ಬಂದ. ಆದರೆ ಬ್ರೇಡಿಗೆ ಕಣ್ಣು ಮಂದ. ಬರಬರುತ್ತಾ ಕ್ಯಾಮರಾದ ಕೆಲಸವನ್ನೆಲ್ಲ ಹೆಚ್ಚಾಗಿ ಸಂಬಳದವರೇ ಮಾಡುತ್ತಿದ್ದರು. ಪಟದ ಕೆಳಗೆ ಮಾತ್ರ 'ಬ್ರೇಡಿ' ಎಂದಿರುತ್ತಿತ್ತು. ಅಮೆರಿಕದ ಐದು ಡಾಲರ್ ನೋಟಿನಲ್ಲಿರುವ ಲಿಂಕನ್ನನ ಮುಖಕ್ಕೆ ಮೂಲ, 1864ರ ಫೆಬ್ರವರಿ 9ರಂದು ಬ್ರೇಡಿಯ ಸ್ಟುಡಿಯೊದಲ್ಲಿ ತೆಗೆದ ಒಂದು ಪಟ. ತೆಗೆದವನು ಆಂಟನಿ ಬರ್ಜರ್. ನೋಟು ಕೋಟಿ ಕೈ ದಾಟಿತು, ಬರ್ಜರನ ಹೆಸರು ಎಷ್ಟು ಜನಕ್ಕೆ ಗೊತ್ತು?

ಅಲ್ಲಿ ಅಂತರ್ಯುದ್ಧ ನಡೆಯುವಾಗ, 1862ರ ಸೆಪ್ಟೆಂಬರಿನಲ್ಲಿ, ಆಂಟಿಟಮ್ ಎಂಬಲ್ಲಿ ಘೋರ ಕಾಳಗವಾಯಿತು. ಬ್ರೇಡಿಯ ಕೈಕೆಳಗಿದ್ದ ಅಲೆಕ್ಸಾಂಡರ್ ಗಾರ್ಡ್ನರ್, ಜೇಮ್ಸ್ ಗಿಬ್ಸನ್ ಎಂಬಿಬ್ಬರು ಅಲ್ಲಿಗೆ ಹೋಗಿ ಸತ್ತ ಸೈನಿಕರ ಪಟ ತೆಗೆದರು. ಆಗಿನ ಕೆಲಸ ಈಗಿನ ಹಾಗಲ್ಲ. ಗಾಜಿನ ಹಲಗೆಗೆ ಮದ್ದು ಹಚ್ಚಿ, ಅದು ಒಣಗುವ ಮೊದಲೇ ಪಟ ತೆಗೆದು, ಗಾಡಿಯೊಳಗಿನ ಕತ್ತಲೆಯಲ್ಲಿ ತೊಳೆಯಬೇಕು. ಸುತ್ತ ಹೆಣಗಳ ನಾತ. ಆ ಪಟಗಳನ್ನು ನ್ಯೂಯಾರ್ಕಿನ ಬ್ರೇಡಿಯ ಗ್ಯಾಲರಿಯಲ್ಲಿಟ್ಟಾಗ ಪತ್ರಿಕೆ ಹೊಗಳಿದ್ದು ಬ್ರೇಡಿಯನ್ನು.

ಹಾಗಾದರೆ ಬ್ರೇಡಿ ಕಳ್ಳನೇ? ನನಗೆ ಹಾಗೆ ಹೇಳಲಾಗುವುದಿಲ್ಲ. ಯುದ್ಧವನ್ನು ಪಟದಲ್ಲಿ ಉಳಿಸಬೇಕೆಂದು ಹಟ ಹಿಡಿದು ಗಾಡಿ, ಗಾಜು, ಮದ್ದು, ಸಂಬಳ ಎಲ್ಲಕ್ಕೂ ಹಣ ಸುರಿದವನು ಅವನೇ. ಖರ್ಚಾದದ್ದು ಒಂದು ಲಕ್ಷ ಡಾಲರ್ ಎಂದು ಅವನ ಲೆಕ್ಕ. 1875ರಲ್ಲಿ ಸರಕಾರ ಕೊಟ್ಟದ್ದು ಇಪ್ಪತ್ತೈದು ಸಾವಿರ. 1896ರಲ್ಲಿ ಆಸ್ಪತ್ರೆಯಲ್ಲಿ ಸಾಯುವಾಗ ಅವನ ಕೈ ಬರಿದು. ಯಜಮಾನನಿಲ್ಲದೆ ಮೇಳ ಹೊರಡುವುದಿಲ್ಲ ಎಂಬುದು ಯಕ್ಷಗಾನ ನೋಡುವ ನಮಗೆ ಗೊತ್ತಿಲ್ಲವೆ? ಆದರೆ ಚೌಕಿಯಲ್ಲಿ ಕೂತು ಕಿರೀಟ ಕಟ್ಟುವವನಿಲ್ಲದೆ ವೇಷವೂ ರಂಗಕ್ಕೆ ಬರುವುದಿಲ್ಲ.

"ಸಂಬಳ ಕೊಟ್ಟಿದ್ದೇವಲ್ಲ, ಇನ್ನೇನು?" ಎಂದು ಕೆಲವರು ಕೇಳಬಹುದು. ನಾನೂ ಮನಸ್ಸಿನಲ್ಲಿ ಹಾಗೆಯೇ ಅಂದುಕೊಂಡಿದ್ದೆ. ಸಂಬಳ ದುಡಿದ ಹೊತ್ತಿಗೆ ಸಲ್ಲುತ್ತದೆ. 'ಇದನ್ನು ಮಾಡಿದವರು ಯಾರು' ಎಂಬ ಪ್ರಶ್ನೆಗೆ ನಿಜ ಹೇಳುವುದು ಬೇರೆಯೇ ಒಂದು ಸಾಲ. ಒಂದನ್ನು ತೀರಿಸಿದರೆ ಇನ್ನೊಂದು ತೀರುವುದಿಲ್ಲ.

ಗಾರ್ಡ್ನರ್ ಬ್ರೇಡಿಯನ್ನು ಬಿಟ್ಟು 1863ರಲ್ಲಿ ವಾಷಿಂಗ್ಟನ್ನಿನಲ್ಲಿ ಸ್ವಂತ ಸ್ಟುಡಿಯೊ ತೆರೆದ. 1866ರಲ್ಲಿ ಯುದ್ಧದ ನೂರು ಪಟಗಳ ಪುಸ್ತಕ ತಂದಾಗ, ಯಾವ ಪಟ ಯಾರು ತೆಗೆದದ್ದೆಂದು ಒಂದೊಂದರ ಜೊತೆಗೂ ಅಚ್ಚು ಹಾಕಿಸಿದ. ಮೆಚ್ಚಬೇಕಾದ್ದೇ. ಆದರೆ ಅದೇ ಪುಸ್ತಕದಲ್ಲಿ ಗೆಟ್ಟಿಸ್ಬರ್ಗಿನ ಎರಡು ಪಟಗಳಿವೆ. ಎರಡರಲ್ಲೂ ಇರುವುದು ಒಬ್ಬನೇ ಸೈನಿಕನ ಹೆಣ. ಪಟ ಚೆಂದ ಬರಲೆಂದು ಹೆಣವನ್ನು ಕಲ್ಲಿನ ಮರೆಗೆ ಸಾಗಿಸಿ ಮತ್ತೆ ತೆಗೆದಿದ್ದರೆಂದು ನೂರು ವರ್ಷಗಳ ಮೇಲೆ ವಿಲಿಯಂ ಫ್ರಾಸನಿಟೊ ಎಂಬ ಇತಿಹಾಸಕಾರ ಪತ್ತೆಹಚ್ಚಿದ. ಹೆಸರಿನ ವಿಷಯದಲ್ಲಿ ಪ್ರಾಮಾಣಿಕನಾದವನು ಪಟದ ವಿಷಯದಲ್ಲಿ ಹಾಗಿರಲಿಲ್ಲ. ಹೆಸರುಗಳು ಅಲ್ಲಿ ಇದ್ದುದರಿಂದಲೇ ತಪ್ಪು ಯಾರ ಬಾಗಿಲಿಗೆ ಸೇರಿದ್ದೆಂದು ಇಂದು ನಾವು ಕೇಳಬಹುದು. ಹೆಸರು ಹಾಕಿಸಿಕೊಂಡವನು ಹೊಗಳಿಕೆಯ ಜೊತೆಗೆ ಆ ಭಾರವನ್ನೂ ಹೊರಬೇಕು.

ನಮ್ಮ ಸಂಚಿಕೆಯಲ್ಲಿ ಒಂದು ಫೋಟೊದ ಕೆಳಗೆ ಇಸವಿ ತಪ್ಪಿತ್ತು. ಯಾರೋ ಕೇಳಿದಾಗ, "ಅದು ಟೀಚರು ಬರೆದದ್ದು" ಎಂದುಬಿಟ್ಟೆ. ಹೊಗಳಿಕೆ ಬಂದಾಗ ನೆನಪಾಗದ ಅವರ ಹೆಸರು ತಪ್ಪಿನ ಹೊತ್ತಿಗೆ ನಾಲಗೆಯ ತುದಿಯಲ್ಲೇ ಇತ್ತು.

ಆ ಸಂಚಿಕೆಯ ಒಂದು ಪ್ರತಿ ನಮ್ಮ ವಾಚನಾಲಯದ ಕಪಾಟಿನಲ್ಲಿದೆ. ಕಳೆದ ವಾರ ಅದನ್ನು ತೆಗೆದು, ನನ್ನ ಹೆಸರಿನ ಮೇಲೆ ಅವರ ಹೆಸರನ್ನು ಪೆನ್ನಿನಲ್ಲಿ ಬರೆದೆ. ಉಳಿದ ಪ್ರತಿಗಳು ಊರಿನ ಮನೆಗಳಲ್ಲಿ ಹಾಗೆಯೇ ಇವೆ. ನಿಮ್ಮಲ್ಲಿ ಒಂದಿದ್ದರೆ ದಯವಿಟ್ಟು ವಾಚನಾಲಯಕ್ಕೆ ತನ್ನಿ. ಬರೆದುಕೊಡುತ್ತೇನೆ.