ಆಟಿ ಅಮಾವಾಸ್ಯೆಯ ಕಹಿ ತೀರ್ಥ

ದೇವಾಲಯದಲ್ಲಿ ಅರ್ಚಕರು ನೀಡುವ ತುಲಸಿಯ ತೀರ್ಥವನ್ನು ಭಕ್ತರು ಕಣ್ಣಿಗೊತ್ತಿಕೊಂಡು ಸ್ವೀಕರಿಸುವರು. ವರ್ಷಕ್ಕೊಮ್ಮೆ ಮನೆಯ ಹಿರಿಯಳೇ ಇನ್ನೊಂದು ತೀರ್ಥವನ್ನು ಕೊಡುವ ಪದ್ಧತಿಯು ಕಾಸರಗೋಡು ಸೀಮೆಯನ್ನೊಳಗೊಂಡ ತುಳುನಾಡಿನಲ್ಲಿ ನಡೆದುಬಂದಿದೆ. ಅದೇ ಆಟಿ ಅಮಾವಾಸ್ಯೆಯ ಪ್ರಾತಃಕಾಲದಲ್ಲಿ ಬರಿಹೊಟ್ಟೆಗೆ ಕುಡಿಯುವ ಹಾಲೆಮರದ ಕಷಾಯ. 1956ರಲ್ಲಿ ರಾಜ್ಯಗಳ ಗಡಿ ಬದಲಾಯಿತು. ಈ ಕಹಿ ಬದಲಾಗಲಿಲ್ಲ. ನೆರೆಯ ಮಲೆಯಾಳಿಗಳೂ ಅದೇ ಕರ್ಕಾಟಕ ಮಾಸದಲ್ಲಿ ಮದ್ದಿನ ಗಂಜಿಯನ್ನುಣ್ಣುವರು.

ಸೂರ್ಯೋದಯಕ್ಕೆ ಮುಂಚೆ ಮರದ ಬಳಿಗೆ ಹೋಗಿ, ಕಬ್ಬಿಣವನ್ನು ಸೋಕಿಸದೆ, ಕಲ್ಲಿನಿಂದ ಜಜ್ಜಿ ತೊಗಟೆಯನ್ನು ತೆಗೆಯತಕ್ಕದ್ದು. ಅದನ್ನು ಅರೆದು ರಸ ಹಿಂಡಿ, ಕಾಳುಮೆಣಸು, ಬೆಳ್ಳುಳ್ಳಿ, ಓಮಗಳನ್ನು ಸೇರಿಸಿ, ಕೆಂಪಗೆ ಕಾಯಿಸಿದ ಬೆಣಚುಕಲ್ಲನ್ನು ಅದರಲ್ಲಿ ಅದ್ದುವರು. ಕುಡಿದ ಮೇಲೆ ಉಷ್ಣಶಮನಕ್ಕಾಗಿ ಮೆಂತೆಯ ಗಂಜಿ. ಸಾವಿರದೊಂದು ಮದ್ದುಗಳು ಅಂದು ಆ ಮರದಲ್ಲಿ ನೆಲೆಸುವುವೆಂದು ಹಿರಿಯರ ನಂಬಿಕೆ. ಕಬ್ಬಿಣದ ನಿಷೇಧವನ್ನು ಮೂಢಾಚಾರವೆಂದು ನಗುವವರುಂಟು. ಆದರೆ ಕತ್ತಿಯನ್ನು ಹಿಡಿದ ಕೈ ಅಗತ್ಯಕ್ಕಿಂತ ಹೆಚ್ಚನ್ನು ಕೀಳುತ್ತದೆ. ಕಲ್ಲು ಹಿಡಿದ ಕೈಗೆ ಬೇಗನೆ ದಣಿವಾಗುತ್ತದೆ. ಮರಕ್ಕೆ ಅಷ್ಟರಿಂದಲೇ ಉಪಕಾರ.

ಈ ವೃಕ್ಷಕ್ಕೆ ಸಂಸ್ಕೃತದಲ್ಲಿ ಸಪ್ತಪರ್ಣವೆಂದೂ ತುಳುವಿನಲ್ಲಿ ಪಾಲೆಯೆಂದೂ ಹೆಸರು. ಇದರ ಹಲಗೆಯ ಮೇಲೆ ಮಕ್ಕಳು ಅಕ್ಷರಾಭ್ಯಾಸ ಮಾಡುತ್ತಿದ್ದುದರಿಂದ, 1767ರಲ್ಲಿ ಲಿನ್ನೇಯಸ್ ಎಂಬ ಸಸ್ಯಶಾಸ್ತ್ರಜ್ಞನು ಇದರ ಶಾಸ್ತ್ರೀಯ ನಾಮದಲ್ಲಿ ‘ಸ್ಕೊಲಾರಿಸ್’ ಎಂಬ ಪದವನ್ನಿರಿಸಿದನು. ತೊಗಟೆಯಲ್ಲಿ ಎಕಿಟಮೈನ್ ಮೊದಲಾದ ಕ್ಷಾರಸತ್ವಗಳುಂಟು. ಜ್ವರಕ್ಕೂ ಅತಿಸಾರಕ್ಕೂ ಇದನ್ನು ಬಹುಕಾಲದಿಂದ ಬಳಸಿದ್ದಾರೆ. ಹಾಗೆಂದು ಇದು ಸರ್ವರೋಗಹರವೆಂದು ತಿಳಿಯಲಾಗದು. ಗರ್ಭಿಣಿಯರೂ ದೀರ್ಘರೋಗಿಗಳೂ ವೈದ್ಯರನ್ನು ಕೇಳದೆ ಮುಟ್ಟಬಾರದು.

ಇಲ್ಲಿ ಭಕ್ತರು ಮನಸ್ಸಿಟ್ಟು ಕೇಳಬೇಕಾದುದೊಂದಿದೆ. ಹಾಲೆಯಿರುವ ಗುಡ್ಡದಲ್ಲಿಯೇ ಕಾಸರಕವೂ ಬೆಳೆಯುವುದು. ಕಾಸರಗೋಡೆಂಬ ಹೆಸರೇ ಆ ಮರದಿಂದ ಬಂದಿತೆನ್ನುವವರೂ ಉಂಟು. ಅದರ ಬೀಜದಲ್ಲಿಯೂ ತೊಗಟೆಯಲ್ಲಿಯೂ ಸ್ಟ್ರಿಕ್ನಿನ್, ಬ್ರೂಸಿನ್ ಎಂಬ ಘೋರ ವಿಷಗಳಿವೆ. ಅದೂ ಕಹಿ, ಇದೂ ಕಹಿ, ನಾಲಗೆ ಭೇದವನ್ನರಿಯದು. ಅಮಾವಾಸ್ಯೆಯ ಕತ್ತಲಲ್ಲಿ ಶ್ರದ್ಧೆಯೊಂದನ್ನೇ ನೆಚ್ಚಿ ಹೋದವನು ಔಷಧದ ಬದಲಿಗೆ ಮೃತ್ಯುವನ್ನು ಮನೆಗೆ ತಂದಾನು. ಭಗವಂತನು ಮನುಷ್ಯನಿಗೆ ಭಕ್ತಿಯ ಜೊತೆಗೆ ಕಣ್ಣನ್ನೂ ಕೊಟ್ಟಿರುವನಷ್ಟೆ! ಹಾಲೆಯ ಎಲೆಗಳು ಒಂದೇ ಗಿಣ್ಣಿನ ಸುತ್ತ ಐದಾರು, ಏಳು ಹೀಗೆ ಛತ್ರಿಯಂತೆ ಹರಡಿರುವುವು. ಚಿವುಟಿದರೆ ಹಾಲು ಒಸರುವುದು. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡೇ, ಬುಡದಿಂದಲೇ ಮೂರರಿಂದ ಐದು ನರಗಳು ಎದ್ದು ಕಾಣುವುವು, ಹಾಲಿಲ್ಲ.

ಹಿಂದಿನ ಶಾನುಭೋಗರ ಲೆಕ್ಕದ ಪುಸ್ತಕಗಳಲ್ಲಿ ತೆಂಗು ಕಂಗುಗಳಿಗೆ ಎಣಿಕೆಯಿತ್ತು. ಹಾಲೆಯನ್ನು ಯಾರೂ ಎಣಿಸಲಿಲ್ಲ. ಅದರ ಲೆಕ್ಕವಿದ್ದುದು ಅಜ್ಜಂದಿರ ನೆನಪಿನಲ್ಲಿ ಮಾತ್ರ. ನಾಗಬನಗಳಲ್ಲಿ ಕೆಲವು ಮರಗಳು ಉಳಿದದ್ದು ದೈವಭಯದಿಂದ. ಈಗ ಜೀರ್ಣೋದ್ಧಾರವೆಂಬ ಪುಣ್ಯಕಾರ್ಯದಲ್ಲಿ ಬನವನ್ನು ಸವರಿ, ನಾಗಶಿಲೆಯ ಸುತ್ತ ಸಿಮೆಂಟು ಹಾಸುವುದು ಹಲವು ಊರುಗಳಲ್ಲಿ ಕಾಣಬರುತ್ತಿದೆ. ಶಿಲೆಗೆ ನೆರಳಾಗಿದ್ದುದನ್ನು ಕಡಿದು ಶಿಲೆಗೆ ಅಭಿಷೇಕ ಮಾಡುವುದು ಯಾವ ಸೇವೆಯೋ ತಿಳಿಯದು. ಅಂಗಳದ ನಕ್ಷೆಯನ್ನು ಬರೆಯುವಾಗಲೇ ಬನದ ಎಲ್ಲೆಯನ್ನೂ ಅದರಲ್ಲಿ ಗುರುತಿಸಿ, ಹಾಲೆಯ ಬುಡದಲ್ಲಿ ಮಣ್ಣನ್ನು ಮಣ್ಣಾಗಿಯೇ ಬಿಡತಕ್ಕದ್ದು. ಅಮಾವಾಸ್ಯೆಯ ಮುನ್ನಾ ದಿನ, ಹಗಲು ಬೆಳಕಿರುವಾಗಲೇ, ಮರವನ್ನು ಬಲ್ಲ ಹಿರಿಯರೊಬ್ಬರು ಮಕ್ಕಳನ್ನು ಅಲ್ಲಿಗೆ ಕರೆದೊಯ್ದು, ಎಲೆಯನ್ನು ಎಣಿಸಿ, ಹಾಲನ್ನು ತೋರಿಸಿ, ಕಾಂಡಕ್ಕೆ ಒಂದು ದಾರವನ್ನು ಕಟ್ಟಿ ಬರಲಿ.