ದುಂಬಿಯ ದರ್ಜೆ ಯಾರ ತೀರ್ಮಾನ?

ಆಲ್ಪ್ಸ್, ಕಾರ್ಪೇಥಿಯನ್ ಬೆಟ್ಟಗಳ ಸ್ಪ್ರೂಸ್ ಮರಗಳನ್ನು ಕೊರೆದು ಬದುಕುವ ಉದ್ದಮೀಸೆಯ ದುಂಬಿಯೊಂದಿದೆ: ಮೊನೊಕಾಮಸ್ ಸಾರ್ಟರ್. ಈಶಾನ್ಯ ಪೋಲೆಂಡಿನಿಂದ ಸೈಬೀರಿಯಾ ದಾಟಿ ಜಪಾನಿನವರೆಗೆ ಹಬ್ಬಿರುವ ಉರುಸ್ಸೋವಿ ಅದರ ಹತ್ತಿರದ ನೆಂಟ. ಎರಡೂ ಕಪ್ಪು, ಪಕ್ಕಪಕ್ಕ ಇಟ್ಟರೆ ಪಳಗಿದ ಕಣ್ಣೂ ತಡವರಿಸುವಷ್ಟು ಹೋಲಿಕೆ. ಬಹುಕಾಲ ಇವು ಎರಡು ಪ್ರಭೇದಗಳೆಂದೇ ನಡೆದುಬಂದವು. ಆಮೇಲೆ ಒಂದೇ ಪ್ರಭೇದದ ಎರಡು ಉಪಪ್ರಭೇದಗಳಾದವು. 2018ರ ಅಧ್ಯಯನವೊಂದು ದೇಹರಚನೆ, ಜೀನ್, ಜೀವಕೋಶದೊಳಗೆ ನೆಲೆಸುವ ವೋಲ್ಬಾಕಿಯಾ ಬ್ಯಾಕ್ಟೀರಿಯಾ ಮೂರನ್ನೂ ಪರಿಶೀಲಿಸಿ, ಇವು ಬೇರೆಬೇರೆ ಹೌದು ಎಂದಿತು. ಉಪಪ್ರಭೇದದ ದರ್ಜೆಯನ್ನು ಮಾತ್ರ ಹಾಗೇ ಉಳಿಸಿತು. ವ್ಯತ್ಯಾಸ ಸಾಬೀತಾದ ಮೇಲೂ ಅದಕ್ಕೆ ಯಾವ ದರ್ಜೆ ಕೊಡಬೇಕೆಂಬುದು ಪ್ರತ್ಯೇಕ ಪ್ರಶ್ನೆಯಾಗಿಯೇ ಉಳಿದದ್ದು ನನಗೆ ಕುತೂಹಲದ ಸಂಗತಿ.

ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಪಾಲ್ ಹೆಬರ್ಟ್ ಮತ್ತು ಸಂಗಡಿಗರು 2003ರಲ್ಲಿ ಡಿಎನ್‌ಎ ಬಾರ್‌ಕೋಡಿಂಗ್ ಪ್ರಸ್ತಾಪಿಸಿದಾಗ ಈ ಪ್ರಶ್ನೆಗೂ ಅಂಕಿಯಲ್ಲೇ ಉತ್ತರ ಸಿಕ್ಕೀತೆಂಬ ಆಸೆ ಮೂಡಿತು. ಮೈಟೊಕಾಂಡ್ರಿಯಾದ ಸಿಒಐ ಜೀನಿನ ಸುಮಾರು 650 ಅಕ್ಷರಗಳನ್ನು ಓದಿದರೆ ಸಾಕು. ಪ್ರಭೇದದೊಳಗಿನ ಅಂತರ ಚಿಕ್ಕದು, ಪ್ರಭೇದಗಳ ನಡುವಿನದು ದೊಡ್ಡದು. ಇದರ ಉಪಯೋಗವನ್ನು ಅಲ್ಲಗಳೆಯಲಾಗದು. ಉದ್ದಮೀಸೆ ದುಂಬಿಯ ಮರಿಹುಳುವಿಗೆ ಉದ್ದಮೀಸೆಯೂ ಇಲ್ಲ, ಬಣ್ಣವೂ ಇಲ್ಲ. ನಮ್ಮ ಅರೇಬಿಕಾ ತೋಟಗಳ ಬಿಳಿ ಕಾಂಡಕೊರಕವೂ ಇದೇ ಕುಟುಂಬದ್ದು; ಅದು ಕಾಂಡದೊಳಗೆ ಮೇಯುವುದು ಕಣ್ಣಿಗೆ ಬೀಳುವ ಹೊತ್ತಿಗೆ ಗಿಡ ಕೈಬಿಟ್ಟಿರುತ್ತದೆ. 1996ರಲ್ಲಿ ನ್ಯೂಯಾರ್ಕಿನಲ್ಲಿ ಪತ್ತೆಯಾದ ಏಷ್ಯಾದ ಉದ್ದಮೀಸೆ ದುಂಬಿ ಅಲ್ಲಿಗೆ ಬಂದದ್ದು ಸರಕು ಕಟ್ಟುವ ಮರದ ಪೆಟ್ಟಿಗೆಗಳೊಳಗೆ ಎಂದೇ ನಂಬಲಾಗಿದೆ. ಅಂಥ ಪೆಟ್ಟಿಗೆಯಲ್ಲಿ ಸಿಕ್ಕ ಹುಳು ಯಾವುದೆಂದು ಬಂದರಿನಲ್ಲೇ ತಿಳಿಯಬೇಕಾದರೆ ಬಾರ್‌ಕೋಡಿಗೆ ಸಾಟಿ ಕಡಿಮೆ.

ಆದರೆ ಅದು ಗುರುತು ಹಿಡಿಯುವ ಕೆಲಸ, ವರ್ಗೀಕರಣವಲ್ಲ. ಯಾರೋ ಸೂಜಿಗೆ ಚುಚ್ಚಿದ ದುಂಬಿಯನ್ನು ಮಸೂರದಡಿ ನೋಡಿ ಇಟ್ಟ ಹೆಸರಿಗೇ ಬಾರ್‌ಕೋಡ್ ತಾಳೆ ಹಾಕುವುದು. ಎರಡೋ ಮೂರೋ ಶೇಕಡಾ ಅಂತರವಿದ್ದರೆ ಬೇರೆ ಪ್ರಭೇದ ಎಂಬ ರೂಢಿಯ ಮಿತಿಯೂ ಹೀಗೆ ಮೊದಲೇ ಹೆಸರು ಪಡೆದ ಜೀವಿಗಳಿಂದ ಬಂದದ್ದು. ಮೊದಲ ತೀರ್ಮಾನದಿಂದ ಹುಟ್ಟಿದ ಅಳತೆಗೋಲು ಆ ತೀರ್ಮಾನಕ್ಕೇ ಸ್ವತಂತ್ರ ಪ್ರಮಾಣವಾಗುವುದು ಹೇಗೆ? ಒಂದೇ ಎಂದುಕೊಂಡಿದ್ದ ಪ್ರಭೇದದೊಳಗೆ ಎರಡು ಅಡಗಿವೆ ಎಂದು ಬಾರ್‌ಕೋಡ್ ತೋರಿಸಿಕೊಟ್ಟ ನಿದರ್ಶನಗಳಿವೆಯಲ್ಲ ಎನ್ನಬಹುದು. ನಿಜ; ಅಲ್ಲಿ ಅದು ಒಳ್ಳೆಯ ಸಂಶಯ ಎತ್ತಿತು, ಸಂಶಯ ಬಗೆಹರಿದದ್ದು ಮತ್ತೆ ದುಂಬಿಯನ್ನೂ ಅದರ ಆಶ್ರಯದ ಮರವನ್ನೂ ನೋಡಿದಾಗ.

ಉಪಪ್ರಭೇದದ ಮಟ್ಟದಲ್ಲಂತೂ ತೊಡಕು ಹೆಚ್ಚು. ಮೈಟೊಕಾಂಡ್ರಿಯಾ ತಾಯಿಯಿಂದ ಮಾತ್ರ ಬರುವುದರಿಂದ ಈ ಜೀನ್ ಹೇಳುವುದು ತಾಯಂದಿರ ಸಾಲಿನ ಕಥೆಯನ್ನಷ್ಟೆ. ವೋಲ್ಬಾಕಿಯಾ ಕೂಡ ತಾಯಿಯಿಂದಲೇ ಹರಡುವುದು. ಹರಡುತ್ತ ತನ್ನ ಜೊತೆಗಿರುವ ಮೈಟೊಕಾಂಡ್ರಿಯಾವನ್ನೂ ಎಳೆದೊಯ್ದು, ಬೇರೆಯಾಗಿರುವ ಗುಂಪುಗಳನ್ನು ಒಂದೇ ಎಂದು ತೋರಿಸಬಲ್ಲದು. ಮೊನೊಕಾಮಸ್ ಗ್ಯಾಲೊಪ್ರೊವಿನ್ಶಿಯಾಲಿಸ್‌ನಲ್ಲಿ ಮೈಟೊಕಾಂಡ್ರಿಯಾದ ತುಣುಕುಗಳು ಕೋಶಕೇಂದ್ರದ ಡಿಎನ್‌ಎ ಒಳಗೂ ಸೇರಿಕೊಂಡಿವೆ. ಎಚ್ಚರ ತಪ್ಪಿದರೆ ಅಸಲಿಯ ಬದಲು ಆ ನಕಲನ್ನೇ ಓದಿಬಿಡುತ್ತೇವೆ. ಮೇಲಾಗಿ ನಿನ್ನೆ ಮೊನ್ನೆ ಬೇರ್ಪಟ್ಟ ಗುಂಪುಗಳಲ್ಲಿ ಒಂದೇ ಜೀನು ವ್ಯತ್ಯಾಸ ತೋರದಿರುವುದು ಸಹಜ. ಬಾರ್‌ಕೋಡಿಗೆ ಕಾಣದ್ದು ಇಲ್ಲವೇ ಇಲ್ಲ ಎನ್ನಲು ಬರುವುದಿಲ್ಲ.

ಹಾಗೆಂದು ಹಳೆಯ ಹೆಸರುಗಳೆಲ್ಲ ಪವಿತ್ರವೇನಲ್ಲ. ಟರ್ಕಿ, ಕಝಾಕಸ್ತಾನದ ಹುಲ್ಲುಗಾವಲುಗಳ ಡಾರ್ಕೇಡಿಯನ್ ದುಂಬಿಗಳಿಗೆ ಹಾರಲು ಬಾರದು. ಗುಡ್ಡಕ್ಕೊಂದು ರೂಪ, ರೂಪಕ್ಕೊಂದು ಉಪಪ್ರಭೇದ. ಬೆನ್ನ ಮೇಲಿನ ಬಿಳಿ ಪಟ್ಟೆ ಕೊಂಚ ಅಗಲವಾದರೂ ಹೊಸ ಹೆಸರು ಕಟ್ಟುವ ಸಂಗ್ರಾಹಕರ ಚಪಲಕ್ಕೆ ಬಾರ್‌ಕೋಡ್ ಒಳ್ಳೆಯ ಕಡಿವಾಣ. ಪ್ರಭೇದಕ್ಕೂ ಉಪಪ್ರಭೇದಕ್ಕೂ ನಡುವೆ ಸ್ಪಷ್ಟ ಗೆರೆ ಇಲ್ಲವೆಂದು ಡಾರ್ವಿನ್ 1859ರಲ್ಲೇ ಒಪ್ಪಿಕೊಂಡಿದ್ದ. ಗೆರೆ ಎಳೆಯುವವರು ನಾವೇ ಆದಮೇಲೆ, ಶೇಕಡಾವಾರು ಅಂಕಿಯ ಹಿಂದೆ ಆ ಕೈಯನ್ನು ಮರೆಮಾಚುವುದಕ್ಕೆ ನನ್ನ ತಕರಾರು. ಒಂದು ಗುಡ್ಡದ ಹೆಸರನ್ನು ಅಳಿಸುವ ಮೊದಲು ಕೋಶಕೇಂದ್ರದ ಜೀನುಗಳನ್ನು ಓದಬೇಕು, ಎರಡು ಗುಡ್ಡಗಳ ನಡುವಿನ ಕಣಿವೆಯ ದುಂಬಿಗಳನ್ನೂ ಹಿಡಿದು ನೋಡಬೇಕು. ಆಮೇಲೂ ಅಳಿಸುವುದಾದರೆ, ಅಳಿಸಿದವರ ಕಾರಣ ಅಂಕಿಯ ಪಕ್ಕದಲ್ಲೇ ಅಚ್ಚಾಗಿರಬೇಕು.