ಗಾಜಿನ ಮೇಲಣ ಧೂಳು

ನಕ್ಷತ್ರಗಳ ಚಿತ್ರ ತೆಗೆಯುವ ಗೆಳೆಯರೊಬ್ಬರು ನನಗಿದ್ದಾರೆ. ಒಂದು ಸಂಜೆ ಅವರ ತಾರಸಿಗೆ ಹೋದಾಗ, ಇನ್ನೂ ಒಂದು ಚುಕ್ಕೆಯೂ ಮೂಡದ ಬರಿ ಆಕಾಶಕ್ಕೆ ದೂರದರ್ಶಕವನ್ನೊಡ್ಡಿ ಚಿತ್ರದ ಮೇಲೆ ಚಿತ್ರ ತೆಗೆಯುತ್ತಿದ್ದರು. ಏನೂ ಇಲ್ಲದುದರ ಚಿತ್ರವೇಕೆಂದು ಕೇಳಿದೆ. "ಇದು ಆಕಾಶದ ಚಿತ್ರವಲ್ಲ, ನನ್ನ ಯಂತ್ರದ್ದು" ಎಂದರು.

ಸಮನಾದ ಬೆಳಕಿನಲ್ಲಿ ತೆಗೆದ ಈ 'ಫ್ಲ್ಯಾಟ್' ಚಿತ್ರದಲ್ಲಿ ಕಾಣುವ ಏರುಪೇರೆಲ್ಲ ಯಂತ್ರದ್ದೇ: ಮಬ್ಬಾದ ಮೂಲೆಗಳು, ಗಾಜಿನ ಮೇಲೆ ಕೂತ ಧೂಳಿನ ಉಂಗುರದಂಥ ನೆರಳು. ರಾತ್ರಿ ತೆಗೆದ ನೀಹಾರಿಕೆಯ ಚಿತ್ರವನ್ನು ಇದರಿಂದ ಭಾಗಿಸಿದರೆ ಆ ಕಲೆಗಳು ಹೋಗುತ್ತವೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ, ನಮ್ಮ ಹೊಸಕೋಟೆಯಿಂದ ನಡೆಸುವ 2 ಮೀಟರಿನ ದೂರದರ್ಶಕಕ್ಕೂ ಈ ಸಂಧ್ಯಾವಂದನೆ ತಪ್ಪಿದ್ದಲ್ಲ.

ಹಾಗಾದರೆ ತಿದ್ದಿದ ಚಿತ್ರ ಸತ್ಯವೆ? ಸತ್ಯವೆಂದೇ ನನಗೆ ತೋರುತ್ತದೆ. ನೀಹಾರಿಕೆಯನ್ನು ನಮಗೆ ಬೇಕಾದಂತೆ ಒಪ್ಪಮಾಡುವುದು ಬೇರೆ. ಅದರ ಗೊಡವೆಯೇ ಇಲ್ಲದೆ ನಮ್ಮ ಗಾಜಿನ ಕೊಳೆಯನ್ನು ಅಳೆದಿಟ್ಟುಕೊಳ್ಳುವುದು ಬೇರೆ. ಆದರೆ ಒಂದು ಕಟ್ಟುಪಾಡಿದೆ. ಕ್ಯಾಮರಾ ತಿರುಗಿದರೆ, ಧೂಳು ಸರಿದರೆ, ಹಳೆಯ ಫ್ಲ್ಯಾಟ್ ಸಲ್ಲದು. ಇಲ್ಲದ ಕಲೆಯನ್ನು ತಿದ್ದಲು ಹೋಗಿ ಅಲ್ಲಿ ಸುಳ್ಳು ಬೆಳಕಿನ ಉಂಗುರವನ್ನು ಮೂಡಿಸುತ್ತದೆ.

ನನಗೆ ಉತ್ತರಪತ್ರಿಕೆಗಳ ನೆನಪಾಯಿತು. ಅಕ್ಷರ ಕೆಟ್ಟದಾಗಿದ್ದರೆ ನನ್ನ ಕೈ ಬಿಗಿಯಾಗುತ್ತದೆಂದು ಬಹುಕಾಲದ ಹಿಂದೆಯೇ ಕಂಡುಕೊಂಡಿದ್ದೆ. ಅಂದಿನಿಂದ ಕಾಗೆಕಾಲು ಅಕ್ಷರ ಕಂಡೊಡನೆ ಎರಡು ಅಂಕ ಹೆಚ್ಚು ಹಾಕಿ ನ್ಯಾಯವಂತನೆಂದು ಬೀಗುತ್ತಿದ್ದೆ. ಆ ಸಿಡುಕು ನನ್ನಲ್ಲಿ ಇನ್ನೂ ಉಳಿದಿದೆಯೇ ಎಂದು ಮತ್ತೆ ನೋಡಲೇ ಇಲ್ಲ. ದುಂಡಗೆ ಬರೆದ ಎಷ್ಟು ಮಕ್ಕಳಿಗೆ ಆ ಎರಡು ಅಂಕ ಮುಳುವಾಯಿತೋ! ಈಗ ನೋಡೋಣವೆಂದರೆ, ನಮಗೆ ಬರಿ ಆಕಾಶವೆಲ್ಲಿದೆ? ಪ್ರತಿಯೊಂದು ಉತ್ತರವೂ ಯಾರೋ ಒಬ್ಬರದು.

ಗೆಳೆಯರ ಇನ್ನೊಂದು ಉಪಾಯ ಕೈಗೆ ಹತ್ತಿತು. ಭೂಮಿ ತಿರುಗುವುದರಿಂದ ಆಕಾಶ ಸೆಕೆಂಡಿಗೆ ಸುಮಾರು 15 ಆರ್ಕ್‌ಸೆಕೆಂಡಿನಷ್ಟು ಜಾರುತ್ತದೆ. ಹಿಂಬಾಲಿಸುವ ಹಲ್ಲುಗಾಲಿಗಳು ತುಸು ತಪ್ಪುತ್ತವೆ. ಆದುದರಿಂದ ಚಿತ್ರದ ಅಂಚಿನಾಚೆ ಯಾವುದಾದರೊಂದು ಸಾಮಾನ್ಯ ನಕ್ಷತ್ರವನ್ನು ಹಿಡಿದು, ಅದು ಕದಲಿದಷ್ಟೂ ಯಂತ್ರವನ್ನು ತಿದ್ದುತ್ತಾರೆ. 1990ರಲ್ಲಿ ಹಾರಿದ ಹಬಲ್ ದೂರದರ್ಶಕಕ್ಕೆಂದು ಇಂಥ ದಾರಿತಾರೆಗಳನ್ನು ಆರಿಸಲು ಸುಮಾರು 1.9 ಕೋಟಿ ಕಾಯಗಳ ಪಟ್ಟಿಯನ್ನೇ ಮಾಡಿದರು.

ನಾನೀಗ ಮೊದಲು ತಿದ್ದಿದ ಸಾಧಾರಣ ಉತ್ತರವೊಂದನ್ನು ಬದಿಗಿಟ್ಟು, ಅದರ ಅಂಕವನ್ನು ಮುಚ್ಚಿ, ಹತ್ತು ಪತ್ರಿಕೆಗೊಮ್ಮೆ ಮತ್ತೆ ಓದುತ್ತೇನೆ. ಇದರಿಂದ ಧೂಳು ಹೋಗದು, ಜಾರಿದ್ದಷ್ಟೆ ತಿಳಿಯುತ್ತದೆ. ಕಳೆದ ಬಾರಿ ಎಂಟು ಕೊಟ್ಟಿದ್ದಕ್ಕೆ ನಾಲ್ಕನೆಯ ಸುತ್ತಿನಲ್ಲಿ ಐದು ಬಂತು. ಆ ಸುತ್ತಿನ ಹತ್ತನ್ನೂ ಮತ್ತೆ ತೆರೆದು ಕೂತೆ.